ಹೀರೆ ಚಪ್ಪರ ನುಂಗಿದ ಬೆಳಕು

ನಮ್ಮ ಹಿತ್ತಲಿನ ಹೀರೇಕಾಯಿಗಳು ಈಚೆಗೆ ಸೊಟ್ಟಗೆ ಬೆಳೆಯುತ್ತಿವೆ. ಕೆಲವು ಕುಡುಗೋಲಿನ ಹಾಗೆ ಬಾಗಿದ್ದರೆ, ಇನ್ನು ಕೆಲವು ಯಾವ ಹೋಲಿಕೆಗೂ ಸಿಕ್ಕದ ಹಾಗೆ ಮುದುಡಿಕೊಂಡಿವೆ. ಇವುಗಳ ಸಿಪ್ಪೆ ಹೆರೆಯುವುದರಲ್ಲೇ ಅರ್ಧ ಹೊತ್ತು ಹೋಗುತ್ತದೆಂದು ನನ್ನ ಹೆಂಡತಿ ಶಾಂತಾ ದಿನಾ ಗೊಣಗುತ್ತಾಳೆ, ಗೊಣಗುತ್ತಲೇ ಆ ಸಿಪ್ಪೆಯ ಚಟ್ನಿಯನ್ನೂ ಅರೆಯುತ್ತಾಳೆ. ಮೂವತ್ತು ವರ್ಷ ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ಸಸಿಮಡಿ ನೋಡಿಕೊಳ್ಳುವ ನೌಕರಿ ಮಾಡಿದವನ ಹಿತ್ತಲಲ್ಲಿ ಒಂದು ನೆಟ್ಟನೆಯ ಹೀರೇಕಾಯಿಯೂ ಇಲ್ಲವಲ್ಲ ಎಂದು ನೀವು ನಗಬಹುದು. ನಗಿ, ಅಡ್ಡಿಯಿಲ್ಲ. ಇದು ನಾನು ಸೋತ ಕಥೆ, ಮತ್ತು ಸೋತದ್ದನ್ನು ಹೇಳಿಕೊಳ್ಳುವಾಗ ಮನಸ್ಸು ಇಷ್ಟು ಹಗುರಾಗುತ್ತದೆಂದು ನನಗೆ ಮೊದಲು ಗೊತ್ತಿರಲಿಲ್ಲ.

ನಿವೃತ್ತಿಯಾದ ಮೇಲೆ ಘೋಡಗೇರಿಯ ನಮ್ಮ ಮನೆಯಲ್ಲಿ ಕೂತರೆ ಕೈ ತುರಿಸುತ್ತಿತ್ತು. ಬೆಳಗಿನ ಬಸ್ಸಿಗೆ ಓಡುವ ಗಡಿಬಿಡಿಯಿಲ್ಲ, ಯಾರಿಗೂ ಯಾವ ಗಿಡಕ್ಕೆ ಎಷ್ಟು ಬಿಸಿಲು ಬೇಕೆಂದು ಹೇಳಿಕೊಡುವ ಕೆಲಸವಿಲ್ಲ. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದ ಎನ್ನುತ್ತಾರಲ್ಲ, ಹಾಗೆ ನಾನು ಹಿತ್ತಲಿಗೆ ಕೈಹಾಕಿದೆ. ಬಿದಿರು, ಸಣಬಿನ ಹಗ್ಗ ಎಂದೆಲ್ಲ ತೊಂದರೆ ತೆಗೆದುಕೊಳ್ಳದೆ ಕಬ್ಬಿಣದ ಪೈಪು ನಿಲ್ಲಿಸಿ, ತಲೆಯ ಮೇಲೂ ಪಕ್ಕದಲ್ಲೂ ತಂತಿ ಬಿಗಿದು, ಆಳುದ್ದಕ್ಕಿಂತ ಎತ್ತರದ ಚಪ್ಪರ ಕಟ್ಟಿ ಹೀರೆಬಳ್ಳಿ ಹಬ್ಬಿಸಿದೆ. ಎರಡು ತಿಂಗಳಲ್ಲಿ ಅದು ಹಸಿರು ಗೋಡೆಯಾಯಿತು. ಸಂಜೆಯಾದರೆ ಹಳದಿ ಹೂಗಳು ಅರಳಿ ನಿಲ್ಲುತ್ತಿದ್ದವು, ನಾನು ಅದರ ಕೆಳಗೆ ಕುರ್ಚಿ ಹಾಕಿಕೊಂಡು ಮೊದಲ ಬಾರಿಗೆ ನನ್ನದೇ ಒಂದು ತೋಟದ ಯಜಮಾನನಂತೆ ಚಹಾ ಕುಡಿಯುತ್ತಿದ್ದೆ.

ಆ ಹಸಿರು ಗೋಡೆಯ ಆಚೆ, ಮೂರು ಅಡಿ ಬಿಟ್ಟು, ಬೀರಪ್ಪ ಕಾಕಾನ ಮನೆಯ ಕಿಟಕಿ. ಕಾಕಾ ಎಪ್ಪತ್ತು ದಾಟಿದವರು, ತಲೆತಲಾಂತರದಿಂದ ಕುರಿ ಕಾಯ್ದ ಮನೆತನ. ಅವರ ಅಣ್ಣನ ಮಕ್ಕಳು ಈಗಲೂ ಕುರಿ ಹಿಂಡು ಹೊಡೆದುಕೊಂಡು ಕೌಜಲಗಿಯ ಕಡೆ ತಿರುಗುತ್ತಾರೆ. ಅಲ್ಲಿಂದ ಬಂದ ಕರಿ ಉಣ್ಣೆಯನ್ನು ನೂತು ಕಾಕಾ ಕಂಬಳಿ ನೇಯುತ್ತಾರೆ. ಮನೆಯ ಹಿಂದಿನ ಕೋಣೆಯಲ್ಲಿ ನೆಲ ತೋಡಿ ಮಾಡಿದ ಕುಣಿಮಗ್ಗ, ಅದಕ್ಕೆ ಬೆಳಕು ಕೊಡಲು ಇರುವುದು ಅದೊಂದೇ ಕಿಟಕಿ. ಉದ್ದಕ್ಕೆ ಬಿಗಿದ ಕರಿ ಹಾಸಿನಲ್ಲಿ ಅಡ್ಡಕ್ಕೆ ಕರಿ ಹೊಕ್ಕು ಹಾಯಿಸುವ ಕೆಲಸ ಎಂಥದೆಂದು ನಾನು ಎಂದೂ ಯೋಚಿಸಿರಲಿಲ್ಲ. ಒಂದು ಎಳೆ ಕಡಿದರೆ ಆಗಲೇ ಕಂಡು ಗಂಟು ಹಾಕಬೇಕು, ಕಾಣದೆ ಮುಂದೆ ಹೋದರೆ ಕಂಬಳಿಯುದ್ದಕ್ಕೂ ಬಿರುಕು ಬೀಳುತ್ತದೆ. ಬಲ್ಬು ಹಾಕಿಕೊಳ್ಳಬಾರದೇ ಎಂದು ನೀವು ಕೇಳುವ ಮೊದಲೇ ನಾನೂ ಕಾಕಾನನ್ನು ಕೇಳಿದ್ದೆ. ತಲೆಯ ಮೇಲೆ ಬಲ್ಬು ತೂಗಿಬಿಟ್ಟರೆ ಬಗ್ಗಿದವರ ನೆರಳೇ ನೂಲಿನ ಮೇಲೆ ಬೀಳುತ್ತದೆ, ಪಕ್ಕಕ್ಕಿಟ್ಟರೆ ಎಳೆಗಳೆಲ್ಲ ಮಿಂಚಿ ಒಂದಾಗುತ್ತವೆ ಎಂದರು.

ಒಂದು ಬೆಳಿಗ್ಗೆ ಕಾಕಾನ ಸೊಸೆ ಲಕ್ಕವ್ವ ಬಂದು ನಮ್ಮ ಕಟ್ಟೆಯ ಮೇಲೆ ಕೂತಳು. ನೇಯ್ದ ಕಂಬಳಿಯಲ್ಲಿ ಎರಡು ಮೂರು ಕಡೆ ಬಿರುಕುಗಳು ಬಿದ್ದಿವೆಯೆಂದೂ, ಅರವತ್ತು ವರ್ಷದಲ್ಲಿ ಹೀಗಾಗಿರಲಿಲ್ಲವೆಂದೂ, ಮಾವ ಊಟ ಬಿಟ್ಟವರ ಹಾಗೆ ಕೂತಿದ್ದಾರೆಂದೂ ನಿಧಾನವಾಗಿ ಹೇಳಿದಳು. ಆಮೇಲೆ ನನ್ನ ಚಪ್ಪರದ ಕಡೆ ನೋಡಿದಳು.

“ಅಮವಾಸಿ ಮುಗದ ಮ್ಯಾಲ ಮಗ್ಗಾ ಬಿಚ್ಚತೀನಿ ಅನ್ನಾಕತ್ತಾರ್ರಿ. ಕಣ್ಣ ಹೋದೂ ಅಂತಾರ. ಕಣ್ಣ ಹೋಗಿಲ್ರಿ, ಬೆಳಕ ಹೋಗೇತಿ.”

ಆ ಹೊತ್ತಿಗೆ ಮನುಷ್ಯನಾದವನು ಎದ್ದುಹೋಗಿ ಆ ಕೋಣೆಯನ್ನು ಒಮ್ಮೆ ನೋಡಿ ಬರಬೇಕಿತ್ತು. ನಾನು ಎದ್ದುಹೋಗಿ ಅಳತೆಯ ಟೇಪು ತಂದೆ. ಕಾಕಾನ ಗೋಡೆಯ ಎಲ್ಲೆಯಿಂದ ಮೂರು ಅಡಿ ಒಳಗೇ ಇದ್ದೇನೆಂದು ಅಳೆದು ತೋರಿಸಿದೆ, ಒಳಗಿನಿಂದ ಹಿತ್ತಲಿನ ಪಹಣಿ ಉತಾರದ ಪ್ರತಿಯನ್ನೂ ತರುವುದರಲ್ಲಿದ್ದೆ. ಉತಾರದಲ್ಲಿ ಗುಂಟೆ, ಆಣೆ, ಬೆಳೆ, ಬಾವಿ ಎಲ್ಲಕ್ಕೂ ಜಾಗವಿದೆ, ಬೆಳಕಿಗೆ ಮಾತ್ರ ಒಂದು ಕಾಲಮ್ಮು ಇಲ್ಲ. ಅಷ್ಟು ವರ್ಷ ನನ್ನ ಖಾಲಿ ಹಿತ್ತಲನ್ನು ಹಾದು ಆ ಕಿಟಕಿಗೆ ಹೋಗುತ್ತಿದ್ದ ಬಿಸಿಲು ಯಾರ ಹೆಸರಿನಲ್ಲೂ ದಾಖಲಾಗಿರಲಿಲ್ಲವಾದ್ದರಿಂದ ಅದು ಯಾರದೂ ಅಲ್ಲವೆಂದು ನಾನು ತಿಳಿದಿದ್ದೆ. ನಮ್ಮದು ಕಾಯಕವೆಂದರೆ ಕೈಮುಗಿಯುವ ಮನೆ. ಕಾಯಕದ ವಿಷಯ ಮಾತಾಡಲು ಕರೆದರೆ ಹುಕ್ಕೇರಿಯವರೆಗೂ ಹೋಗಿ ಬಂದವನು ನಾನು, ಬಾಜೂ ಮನೆಯವರ ಕಾಯಕಕ್ಕೆ ಪರದೆ ಕಟ್ಟಿದ್ದು ತಿಳಿಯಲಿಲ್ಲ.

ಲಕ್ಕವ್ವ ಎದ್ದು ಹೋದಳು. ಮರುದಿನದಿಂದ ಎರಡೂ ಮನೆಗಳ ನಡುವೆ ಮಜ್ಜಿಗೆಯ ತಂಬಿಗೆ ಓಡಾಡುವುದು ನಿಂತಿತು. ಶಾಂತಾ ನನ್ನೊಡನೆ ಜಗಳವಾಡಲಿಲ್ಲ, ಆದರೆ ನಾಲ್ಕು ದಿನ ಸಾರಿಗೆ ಉಪ್ಪು ಕಡಿಮೆ ಬಿತ್ತು. ಬೀರಪ್ಪ ಕಾಕಾ ಮಾತ್ರ ಚಪ್ಪರದ ಬಗ್ಗೆ ತುಟಿ ಬಿಚ್ಚಲಿಲ್ಲ. ಕಂಡವರಿಗೆಲ್ಲ ತಮ್ಮ ಕಣ್ಣು ಹೋದವೆಂದೇ ಹೇಳುತ್ತಿದ್ದರು. ಗೋಕಾಕಕ್ಕೆ ಹೋಗಿ ತೋರಿಸಿಕೊಂಡು ಬರೋಣವೆಂದು ಸೊಸೆ ಕರೆದರೆ, ಈ ವಯಸ್ಸಿನಲ್ಲಿ ಇನ್ನೇನು ನೋಡುವುದಿದೆ ಎನ್ನುತ್ತಿದ್ದರಂತೆ. ಅದನ್ನು ಕೇಳಿ ನನಗೆ ಸಮಾಧಾನವಾಯಿತು. ಸ್ವತಃ ಅವರೇ ಕಣ್ಣಿನ ತಪ್ಪೆನ್ನುವಾಗ ಬಳ್ಳಿಯ ತಪ್ಪು ಏನಿದ್ದೀತು?

ಆದರೂ ಒಳಗೆ ಎಲ್ಲೋ ಮುಳ್ಳು ಆಡುತ್ತಿತ್ತು. ಅದನ್ನು ತೆಗೆಯಲು ನನಗೆ ಗೊತ್ತಿದ್ದ ವಿದ್ಯೆ ಒಂದೇ. ಎರಡೆಲೆ ಬಿಟ್ಟ ಟೊಮ್ಯಾಟೊ ಸಸಿಗಳ ಎರಡು ತಟ್ಟೆ ತಯಾರು ಮಾಡಿದೆ. ಒಂದೇ ಬೀಜ, ಒಂದೇ ಮಣ್ಣು, ಒಂದೇ ದಿನ ಮೊಳೆತವು. ಒಂದನ್ನು ನಮ್ಮ ಮನೆಯ ಕಿಟಕಿಯಲ್ಲಿಟ್ಟೆ, ಅದೂ ಕಾಕಾನ ಕಿಟಕಿಯಂತೆ ದಕ್ಷಿಣದ್ದೇ. ಇನ್ನೊಂದನ್ನು ಹೊತ್ತುಕೊಂಡು ಹೋಗಿ ಕಾಕಾನ ಕಿಟಕಿಯಲ್ಲಿಟ್ಟು, ಹನ್ನೆರಡು ದಿನ ನೋಡೋಣ, ಬೆಳಕು ಸಾಲದಿದ್ದರೆ ಗಿಡವೇ ಹೇಳುತ್ತದೆ, ಗಿಡಕ್ಕೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಭಾಷಣ ಬಿಗಿದೆ. ಸಸಿಗಳು ಚೆನ್ನಾಗಿಯೇ ಬೆಳೆಯುತ್ತವೆ, ಮಾತು ಅಲ್ಲಿಗೆ ಮುಗಿಯುತ್ತದೆ ಎಂಬುದು ನನ್ನ ಲೆಕ್ಕಾಚಾರ. ಕಾಕಾ ತಟ್ಟೆಯನ್ನು ಹಸುಗೂಸನ್ನು ತೆಗೆದುಕೊಂಡಂತೆ ಎರಡೂ ಕೈಯಲ್ಲಿ ತೆಗೆದುಕೊಂಡು, ನೀರು ಯಾವಾಗ ಹಾಕಬೇಕು, ಎಷ್ಟು ಹಾಕಬೇಕು ಎಂದಷ್ಟೇ ಕೇಳಿದರು.

ಹನ್ನೆರಡನೆಯ ದಿನ ಹೋದೆ. ಕೋಣೆಯೊಳಗೆ ಕಾಲಿಟ್ಟವನಿಗೆ ಮಗ್ಗದ ಕುಣಿ ಎಲ್ಲಿದೆಯೆಂದು ಕಾಣಲು ಒಂದು ಗಳಿಗೆ ಬೇಕಾಯಿತು. ಬಿಸಿಲೇರಿದ ಹೊತ್ತು ಅದು. ಸಸಿಗಳು ದಾರದಂತೆ ಉದ್ದಕ್ಕೆ ಹೋಗಿ, ಬಿಳಿಚಿಕೊಂಡು, ಒಂದರ ಮೇಲೊಂದು ಒರಗಿದ್ದವು. ನಮ್ಮ ಕಿಟಕಿಯವು ಗಿಡ್ಡಕ್ಕೆ, ಕಡುಹಸಿರಾಗಿ, ಗಟ್ಟಿಮುಟ್ಟಾಗಿದ್ದವು. ಅದಕ್ಕಿಂತ ವಿಚಿತ್ರವೆಂದರೆ ಕಾಕಾನ ಸಸಿಗಳ ದೇಟುಗಳು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಹೊರಳಿ ಹಾವಿನ ನಡಿಗೆಯಂತಾಗಿದ್ದವು. ಇದೇಕೆ ಹೀಗೆ ಎಂದು ಕೇಳಿದೆ. ಅವು ದಿನಾ ಬೆಳಕಿನ ಕಡೆ ಬಾಗುತ್ತಿದ್ದವಂತೆ. ನಾನು ಕೊಟ್ಟ ಸಸಿ ಸೊಟ್ಟಗಾದರೆ ನಾನು ಸೋತಂತಾಗುತ್ತದಲ್ಲ ಎಂದು ಕಾಕಾ ಪ್ರತಿದಿನ ಬೆಳಿಗ್ಗೆ ತಟ್ಟೆಯನ್ನು ತಿರುಗಿಸಿ ಇಡುತ್ತಿದ್ದರಂತೆ. ನಾನು ಗೆಲ್ಲಲೆಂದು ಅವರು ಹನ್ನೆರಡು ದಿನ ದುಡಿದಿದ್ದರು. ನನಗೆ ನಾಚಿಕೆಯಾಯಿತು, ಅದನ್ನು ಬೇರೆ ಯಾವ ಮಾತಿನಲ್ಲಿ ಹೇಳಿದರೂ ಸುಳ್ಳಾಗುತ್ತದೆ.

ತಟ್ಟೆ ಹಿಡಿದುಕೊಂಡೇ ಒಪ್ಪಿಕೊಂಡೆ. ಇಲ್ಲಿ ಬೆಳಕಿಲ್ಲ ಕಾಕಾ, ಗಿಡಕ್ಕೇ ಸಾಲದ ಬೆಳಕಿನಲ್ಲಿ ಕರಿ ಎಳೆ ಯಾರ ಕಣ್ಣಿಗೂ ಕಾಣುವುದಿಲ್ಲ, ನನ್ನ ಕಣ್ಣಿಗೂ ಮಗ್ಗದ ಕುಣಿಯೇ ಕಾಣಲಿಲ್ಲ ಎಂದೆ. ಅವರು ಸಿಟ್ಟಾಗುತ್ತಾರೆ, ಎರಡು ಮಾತು ಬೈಯುತ್ತಾರೆ ಎಂದು ತಲೆ ತಗ್ಗಿಸಿ ನಿಂತಿದ್ದೆ. ತಲೆಯೆತ್ತಿ ಅವರ ಮುಖ ನೋಡಿದರೆ, ಆ ಮಸುಕಿನಲ್ಲೂ ಕಾಣುವಷ್ಟು ಅರಳಿತ್ತು.

“ಅಂದ್ರ ತಮ್ಮಾ, ನನ್ನ ಕಣ್ಣ ಚಲೋ ಅದಾವ ಅಂದಂಗಾತು.”

ನಾನು ತಂದದ್ದು ಸೋಲಿನ ಸುದ್ದಿ, ಅವರಿಗೆ ಮುಟ್ಟಿದ್ದು ಎರಡು ಕಣ್ಣು. ಲಕ್ಕವ್ವ ಬಾಗಿಲಲ್ಲಿ ನಿಂತು ಸೆರಗಿನಿಂದ ಮೂಗು ಒರೆಸಿಕೊಂಡಳು. ಜಗಳದಲ್ಲಿ ಸೋತವನು ಮನೆಗೆ ಬರುವಾಗ ಹಗುರಾಗಿ ಬರುವುದೂ ಉಂಟು ಎಂದು ಆವತ್ತು ತಿಳಿಯಿತು. ಶಾಂತಾ ನನ್ನ ಮುಖ ನೋಡಿ ಮಜ್ಜಿಗೆ ಕಡೆಯಲು ಕೂತಳು.

ಮರುದಿನ ಕುಡುಗೋಲು ಹಿಡಿದು ಬಳ್ಳಿಗೆ ಕೈಹಾಕಿದರೆ ಇನ್ನೊಂದು ಜಗಳ ಶುರುವಾಯಿತು. ಕಾಕಾ ಕಿಟಕಿಯಿಂದಲೇ ಕೂಗಿ ತಡೆದರು. ಹೂ ಮಿಡಿ ಹಿಡಿದ ಬಳ್ಳಿ ಬಸುರಿ ಇದ್ದಂತೆ, ಅದನ್ನು ಕೊಯ್ದು ನನ್ನ ಮನೆಗೆ ಬೆಳಕು ಬರುವುದು ಬೇಡ, ಫಸಲು ಮುಗಿಯುವವರೆಗೆ ಕಾಯುತ್ತೇನೆ ಎಂದು ಹಟ ಹಿಡಿದರು. ನಾನು ಕಡಿಯುತ್ತೇನೆ ಎನ್ನುವುದು, ಅವರು ಬೇಡ ಎನ್ನುವುದು. ಹಿಂದಿನ ಜಗಳವೇ ತಿರುಗುಮುರುಗಾಗಿ ಅರ್ಧ ಮುಂಜಾನೆ ನಡೆಯಿತು. ಕೊನೆಗೆ ಶಾಂತಾಳೇ ಬಗೆಹರಿಸಿದಳು. ಬಳ್ಳಿಯನ್ನು ಕೊಯ್ಯುವುದೂ ಬೇಡ, ಮೇಲೆ ನಿಲ್ಲಿಸುವುದೂ ಬೇಡ, ಮೆಲ್ಲಗೆ ಇಳಿಸಿ ನೆಲಕ್ಕೆ ಹಬ್ಬಿಸಿ ಎಂದಳು. ತೂಗುವ ಹೀರೇಕಾಯಿ ಮಾತ್ರ ನೆಟ್ಟಗಾಗುತ್ತದೆ, ನೆಲಕ್ಕೊರಗಿದ್ದು ಸೊಟ್ಟಗಾಗುತ್ತದೆ ಎಂದು ನಾನು ಕಸುಬಿನ ಮಾತು ತೆಗೆದೆ. ಹೆರೆಯುವವಳು ನಾನು ತಾನೇ, ನಿಮಗೇನು ಎಂದಳು.

ಒಂದೊಂದೇ ಬಳ್ಳಿಯ ಹಿಡಿತ ಬಿಡಿಸಿ ನೆಲಕ್ಕೆ ಮಲಗಿಸಲು ಎರಡು ದಿನ ಹಿಡಿಯಿತು. ಮೂರನೆಯ ದಿನ ಬೆಳಿಗ್ಗೆ ಪೈಪುಗಳನ್ನು ಕೀಳತೊಡಗಿದಾಗ ಆಚೆ ಕೋಣೆಯಲ್ಲಿ ಮಗ್ಗದ ಸದ್ದು ಶುರುವಾಯಿತು. ಕೊನೆಯ ಪೈಪು ಬುಡ ಬಿಟ್ಟು ವಾಲಿತು, ಏರುತ್ತಿದ್ದ ಬಿಸಿಲು ನನ್ನ ಹೆಗಲು ಹಾಯ್ದು ಆ ಕಿಟಕಿಯೊಳಗೆ ಇಳಿಯಿತು. ಅಷ್ಟರಲ್ಲಿ ಮಗ್ಗದ ಸದ್ದು ಥಟ್ಟನೆ ನಿಂತಿತು. ಇಷ್ಟೆಲ್ಲ ಮಾಡಿಯೂ ಕಣ್ಣೇ ಹೋಗಿದ್ದರೆ, ನಾನು ಒಬ್ಬ ಮುದುಕನಿಗೆ ಸುಳ್ಳು ಆಸೆ ಹಚ್ಚಿದ್ದರೆ? ಪೈಪನ್ನು ಹಿಡಿದುಕೊಂಡೇ ನಿಂತೆ, ಕೆಳಗಿಡಲೂ ತೋಚಲಿಲ್ಲ. ಲಕ್ಕವ್ವ ಕಿಟಕಿಯಲ್ಲಿ ಮುಖ ತೋರಿಸಿದಳು.

“ಎಳಿ ಕಡದಿತ್ರಿ. ಮಾವಾರಿಗೆ ಕಂಡತಂತ. ಗಂಟ ಹಾಕಾಕತ್ತಾರ.”