ಕಲ್ಲು ಕೆಳಗಿಟ್ಟು ತಲೆ ಬಾಚಿಕೊಂಡವರು

ಬ್ಯಾಡರಹಳ್ಳಿಯಲ್ಲಿ ಸಿನಿಮಾ ಕ್ಯಾಮರಾ ಮುಟ್ಟಿದ ಮೊದಲ ಗಂಡು ನಾನೇ. ಕರ್ನಾಟಕ ಏಕೀಕರಣ ಬೇಕೆಂದು ಜನ ಮಾಗಡಿ ರಸ್ತೆಯ ಸರ್ಕಾರಿ ಕಚೇರಿಗೆ ಕಲ್ಲು ತೂರುತ್ತಿದ್ದ ದಿನವೇ ನಾನು ಕ್ಯಾಮರಾ ಪೆಟ್ಟಿಗೆ ಹೊರುತ್ತಿದ್ದ ಸಾಕ್ಷ್ಯಚಿತ್ರದ ಯಜಮಾನರಿಗೆ ಜ್ವರ ಬಂತು.

"ಉಳಿದಿರೋದು ಒಂದೇ ರೀಲು. ಗಲಾಟೆ ಚೆನ್ನಾಗಿ ಹಿಡಿದು ತಂದರೆ ನಾಳೆಯಿಂದ ನೀನೇ ಕ್ಯಾಮರಾಮನ್" ಎಂದರು.

"ನೋಡ್ತಾ ಇರಿ ಸಾರ್" ಎಂದು ಹೊರಟೆ.

ಸ್ಟ್ಯಾಂಡು ನಿಲ್ಲಿಸಿ, ಕೀಲಿ ಕೊಟ್ಟು, ತಾನಾಗಿ ಓಡುವಂತೆ ಗುಂಡಿ ಸಿಕ್ಕಿಸಿದ್ದೇ ತಡ, ಅಷ್ಟೂ ಜನ ಕಲ್ಲು ಕೆಳಗಿಟ್ಟು, ತಲೆ ಬಾಚಿಕೊಂಡು, ಎರಡು ಸಾಲಾಗಿ ನಿಂತುಬಿಟ್ಟರು. ಅವರನ್ನು ಅಟ್ಟಲು ಬಂದಿದ್ದ ಪೊಲೀಸ್ ಪೇದೆಯೂ ಟೋಪಿ ಸರಿಮಾಡಿಕೊಂಡು ನಡುವೆ ಸೇರಿದ.

"ಅಲ್ಲಾಡ್ರೋ! ಕಲ್ಲು ಎಸೀರ್ರೋ!" ಎಂದು ಕೂಗಿದೆ.

"ಸುಮ್ನಿರಯ್ಯ, ಅಲ್ಲಾಡಿದ್ರೆ ಫೋಟೋ ಕೆಟ್ಟೋಗುತ್ತೆ" ಎಂದ ಪೇದೆ, ತುಟಿಯನ್ನೂ ಅಲ್ಲಾಡಿಸದೆ.

ನಾನು ಬಿಡುವ ಆಸಾಮಿಯೇ? ಕ್ಯಾಮರಾ ಮುಂದಕ್ಕೇ ಓಡಿ, ಹೀಗೆ ಎಸೀರಿ ಅಂತ ನಾನೇ ಒಂದು ಕಲ್ಲು ಬೀಸಿ ತೋರಿಸಿದೆ. ಕಚೇರಿಯ ಕಿಟಕಿ ಗಾಜು ಪುಡಿಯಾಯಿತು. ರೀಲೂ ಮುಗಿಯಿತು.

ಪರದೆಯ ಮೇಲೆ ನೋಡಿದರೆ ಚಳವಳಿಗಾರರೆಲ್ಲ ಶಾಂತವಾಗಿ ನಿಂತಿದ್ದಾರೆ. ದಾಂಧಲೆ ಮಾಡುತ್ತಿರುವವನು ನಾನೊಬ್ಬನೇ. ಯಜಮಾನರು ತಲೆ ಮೇಲೆ ಕೈ ಹೊತ್ತು ಕೂತರು. ಕ್ಯಾಮರಾಮನ್ ಪಟ್ಟ ಹೋಯಿತು, ನಿಜ. ಆದರೆ ಆ ಗುರಿ ನೋಡಬೇಕಿತ್ತು ನೀವು! ರಾಗಿ ಹೊಲದಲ್ಲಿ ಗುಬ್ಬಿ ಓಡಿಸಿದ ಕೈ ಇದು.