ಕಿವಿ ಮಶಿನ್ ಸುಚಿತಾಳ ಉಪವಾಸ

ಹೊನ್ನಾವರದ ಹತ್ತಿರದ ಕಾಸರಕೋಡಿನ ಸುಚಿತಾಳಿಗೂ ರಾಜೇಶನಿಗೂ ಮದುವೆಯಾಗಿ ಆರು ತಿಂಗಳಾಗಿದ್ದರೂ ಇಬ್ಬರೂ ನೆಟ್ಟಗೆ ಎದುರುಬದುರು ಕೂತು ಮಾತಾಡಿದ್ದೇ ಕಡಿಮೆ. ಅವನು ಸಂಜೆ ಮೀನಿನ ಬೋಟಿಗೆ ಹೋದರೆ ಬರುವುದು ಮರುದಿನ, ಇವಳು ಸ್ಕೂಟಿ ಹತ್ತಿ ಹೋದ ಮೇಲೆ. ಇವಳು ಬರುವಷ್ಟರಲ್ಲಿ ಅವನು ಮತ್ತೆ ಸಮುದ್ರದಲ್ಲಿ. ಕಿವಿ ಮಂದವಾದವರ ಮನೆಗೇ ಹೋಗಿ ಕಿವಿ ಮಶಿನ್ ಸರಿಮಾಡಿಕೊಡುವುದು ಸುಚಿತಾಳ ಕೆಲಸ. ಆಫೀಸಿನವರು ಫೋನ್ ಮಾಡಿದಂತೆಲ್ಲ ಬೆಳಿಗ್ಗೆ ಕುಮಟಾ, ಮಧ್ಯಾಹ್ನ ಭಟ್ಕಳ, ಮತ್ತೆ ಹೊನ್ನಾವರ ಎಂದು ಹೆದ್ದಾರಿ ಅಳೆಯುವುದೇ ಅವಳ ಬಾಳಾಗಿತ್ತು.

ಹಾಗಾಗಿ ಕಂಪನಿ ಹೊಸ ಆ್ಯಪ್ ತಂದಾಗ ಉಳಿದವರು ಗೊಣಗಿದರೂ ಅವಳಿಗೆ ಖುಷಿಯೇ ಆಯಿತು. ಒಂದು ದಿನ ಭಟ್ಕಳ, ಮುರ್ಡೇಶ್ವರ, ಮಂಕಿ. ಮರುದಿನ ಕುಮಟಾ ಕಡೆ. ಮನೆಮನೆಗೂ ಇಂತಿಷ್ಟು ಹೊತ್ತೆಂದು ಗೊತ್ತುಮಾಡಿ, ರಾಜೇಶ ಹೊರಡುವ ಮೊದಲೇ ಅವಳು ಮನೆ ಸೇರುವಂತೆ ಅದು ದಾರಿ ಹಾಕಿಕೊಡುತ್ತಿತ್ತು.

ಆದರೆ ಆ್ಯಪ್ ಮಾಡಿದವನಿಗೆ ಪಾಪ, ನಮ್ಮ ಕಡೆಯ ಆಸರಿ ಗೊತ್ತಿರಲಿಲ್ಲ. ಬಂದವರನ್ನು "ಆಸರಿಗೆ ಎಂತ ಬೇಕು?" ಎಂದು ಕೇಳಿ, ಕುಡಿಯಲು ಏನಾದರೂ ಕೊಡದೆ ಇಲ್ಲಿ ಯಾರೂ ಕಳಿಸುವುದಿಲ್ಲ. ಲೋಟದ ಜೊತೆ ಸೊಸೆಯ ಸುದ್ದಿ, ಮಂಡಿನೋವಿನ ಸುದ್ದಿ. ಬರೀ ಬೇಡವೆಂದರೆ ಮನೆಯವರಿಗೆ ಬೇಜಾರು. ಮೂರು ಮನೆ ದಾಟುವುದರೊಳಗೆ ಆ್ಯಪ್ ತಡವಾಯಿತೆಂದು ಕೆಂಪಾಗುತ್ತಿತ್ತು, ಮನೆಗೆ ಬಂದರೆ ಬಾಗಿಲಿಗೆ ಬೀಗ.

ಸುಚಿತಾ ಒಂದು ಉಪಾಯ ಮಾಡಿದಳು. ಇವತ್ತು ಉಪವಾಸ ಎಂದುಬಿಟ್ಟಳು. ಒಂದು ದಿನ ನಡೆಯಿತು. ಆದರೆ ಸುದ್ದಿ ಕೇಳಿಸಿಕೊಳ್ಳುವುದಕ್ಕೆ ನಮ್ಮವರಿಗೆ ಮಶಿನ್ ಬೇಕೇ? ದಿನಾಲೂ ಉಪವಾಸ ಎಂದರೆ ದೊಡ್ಡ ಹರಕೆಯೇ ಇರಬೇಕು ಎಂದು ಮುರ್ಡೇಶ್ವರದಲ್ಲಿ ಹಾಲು, ಬಾಳೆಹಣ್ಣು, ಅವಲಕ್ಕಿಯ ಫಲಾಹಾರ ಸಿದ್ಧವಾಯಿತು. ಭಟ್ಕಳದ ನವಾಯತಿ ಮುಸ್ಲಿಂ ಅಜ್ಜಿಯಂತೂ ಉಪವಾಸ ಬಿಡುವಾಗ ತಿನ್ನು ಎಂದು ಖರ್ಜೂರ ಕಟ್ಟಿಕೊಟ್ಟು, ದುವಾ ಮಾಡಿಯೇ ಕಳಿಸಿದಳು. ಊಟಕ್ಕಿಂತ ಉಪವಾಸವೇ ಭಾರಿ ಎನ್ನುವುದು ಸುಳ್ಳಲ್ಲ.

ಮಂಕಿಯ ತೋಟದ ಮನೆಯ ಸುಮತಿ ಅಮ್ಮ ಮಾತ್ರ ಒಂದು ದಿನ ಅವಳ ಕೈಹಿಡಿದು ಕೂರಿಸಿ, ಮಕ್ಕಳಾಗಲಿ ಎಂದು ಹರಕೆಯೋ ಎಂದು ಮೆಲ್ಲಗೆ ಕೇಳಿದರು. ಅಷ್ಟು ಅಕ್ಕರೆಯ ಎದುರು ಸುಚಿತಾಳಿಗೆ ಸುಳ್ಳು ಹೇಳಲಾಗಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಹರಕೆ ಎಂತದೂ ಇಲ್ಲ ಅಮ್ಮ. ಗಂಡ ಬೋಟಿಗೆ ಹೋಗೂದ್ರೊಳಗೆ ಒಂದ್ಸಲ ಮುಖ ನೋಡ್ವ ಅಂತ ಓಡೂದು."

ಸುಮತಿ ಅಮ್ಮ ಕಿವಿಯ ಮಶಿನ್ ಒತ್ತಿಕೊಂಡು ಇನ್ನೊಮ್ಮೆ ಹೇಳಿಸಿಕೊಂಡರು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಇದನ್ನ ಮೊದ್ಲೇ ಹೇಳೂಕೆ ಎಂತ ಆಗಿತ್ತು ನಿಂಗೆ?" ಎಂದು ಫೋನ್ ಎತ್ತಿಕೊಂಡರು.

ಮುಂದಿನ ಸಲ ಆ ದಾರಿಯಲ್ಲಿ ಹೋದಾಗ ಮುರುಗಲು ಶರಬತ್ತಿನ ಲೋಟ ಮನೆಮನೆಯ ಗೇಟಿನಲ್ಲೇ ಕಾದಿತ್ತು. ನಿಂತೇ ಕುಡಿ, ಹೊರಡು ಎನ್ನುತ್ತ ಹೆಂಗಸರೆಲ್ಲ ಮುಸಿಮುಸಿ ನಕ್ಕರು. ಅಂದು ಆ್ಯಪ್ ಕೆಂಪಾಗಲಿಲ್ಲ. ಕೆಂಪಾದದ್ದು ಸುಚಿತಾ ಒಬ್ಬಳೇ.

ಹೊತ್ತಿಗೆ ಮೊದಲೇ ಬಂದ ಹೆಂಡತಿಯನ್ನು ಕಂಡು ರಾಜೇಶ ಹುಷಾರಿಲ್ಲವೋ ಏನೋ ಎಂದು ಗಾಬರಿಯಾದ. ಇಲ್ಲವೆಂದು ತಿಳಿದ ಮೇಲೆ ಇಬ್ಬರೂ ಜಗಲಿಯಲ್ಲಿ ಕೂತರು. ಏನು ಮಾತಾಡಬೇಕೆಂದೇ ತಿಳಿಯಲಿಲ್ಲ. ಅವನು ಮೀನಿನ ಸುದ್ದಿ ತೆಗೆದ, ಇವಳು ಅಜ್ಜಿಯ ದುವಾ ಹೇಳಿದಳು, ಆಮೇಲೆ ಮಾತು ನಿಲ್ಲಲೇ ಇಲ್ಲ. ಬೋಟು ಕಟ್ಟುವ ಧಕ್ಕೆಯಿಂದ ಜೊತೆಯವರ ಫೋನ್ ಮೇಲೆ ಫೋನ್. ಇಗೋ ಬಂದೆ, ದಾರಿಯಲ್ಲೇ ಇದ್ದೇನೆ ಎನ್ನುತ್ತ ರಾಜೇಶ ಜಗಲಿಯಲ್ಲೇ ಕೂತಿದ್ದ.