ನಾನೇ ಟೈಪು ಮಾಡಿದ ಕಾಗದ

ಕಣ್ಣಿಲ್ಲದ ಹೆಂಗಸರಿಗೆ ನೇಯ್ಗೆ ಕಲಿಸುವ ಒಂದು ಸೇವಾ ಸಂಸ್ಥೆಗೆ ನಾನು ಟೈಪಿಸ್ಟಾಗಿ ಸೇರಿದಾಗ ನನಗೆ ಇಪ್ಪತ್ತೊಂದು ವರ್ಷ. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಮದರಾಸಿನ ತಿರುವಲ್ಲಿಕ್ಕೇಣಿಯ ನಮ್ಮ ಮನೆಯಿಂದ ರಾಯಪೇಟೆಯ ಆ ಹಳೇ ಬಂಗಲೆಗೆ ನಡೆದೇ ಹೋಗುತ್ತಿದ್ದೆ. ಹೆಣ್ಣುಮಗಳು ಕಂಪನಿ ಕೆಲಸಕ್ಕೆ ಹೋಗುವುದು ಅಪ್ಪನಿಗೆ ಇಷ್ಟವಿರಲಿಲ್ಲ. ಧರ್ಮದ ಕೆಲಸವಾದರೆ ಆಗಬಹುದು ಅಂತ ಒಪ್ಪಿದ್ದರು.

ಸಂಸ್ಥೆಯನ್ನು ಕಟ್ಟಿದ ಡಾಕ್ಟರಮ್ಮ ನಾನು ಸೇರಿದ ವರ್ಷವೇ ತೀರಿಕೊಂಡರು. ಅವರ ಜಾಗಕ್ಕೆ ಕಮಿಟಿಯವರು ಸರ್ಕಾರದ ದೊಡ್ಡ ಹುದ್ದೆಯಿಂದ ನಿವೃತ್ತರಾದ ಒಬ್ಬರನ್ನು ಅಧ್ಯಕ್ಷರನ್ನಾಗಿ ಕರೆತಂದರು. ಅವರನ್ನು ಕೆಟ್ಟವರು ಅಂದರೆ ನನ್ನ ಬಾಯಲ್ಲಿ ಹುಳ ಬಿದ್ದೀತು. ಸಂಸ್ಥೆಯ ಒಂದು ಲೋಟ ಕಾಫಿಯನ್ನೂ ಕುಡಿದವರಲ್ಲ. ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ, ಇಸ್ತ್ರಿ ಮಾಡಿದ ಮುಚ್ಚುಕೋಟಿನಲ್ಲಿ ಬಂದು ಕೂರುತ್ತಿದ್ದರು. ಆದರೆ ಅಲ್ಲಿ ನೇಯುತ್ತಿದ್ದ ಹದಿನಾಲ್ಕು ಜನರಲ್ಲಿ ಒಬ್ಬರ ಜೊತೆಗೂ ಅವರು ಕೂತು ಮಾತಾಡಿದ್ದನ್ನು ನಾನು ನೋಡಲಿಲ್ಲ. ಅವರ ಮನಸ್ಸೆಲ್ಲ ನೋಡಲು ಬರುವ ಗಣ್ಯರ ಮೇಲೆ.

ಅಧ್ಯಕ್ಷರು ಬಂದ ಎರಡನೇ ತಿಂಗಳಲ್ಲಿ, ಗಣ್ಯರು ಕೂರುವುದಕ್ಕೆ ಸರಿಯಾದ ಹಾಲ್ ಬೇಕು ಅಂತ ಮಗ್ಗಗಳನ್ನೆಲ್ಲ ಹಿತ್ತಲಿನ ತಗಡಿನ ಶೆಡ್ಡಿಗೆ ಸಾಗಿಸಿದರು. ಈ ಹೆಂಗಸರು ಬಾಗಿಲಿನಿಂದ ತಮ್ಮ ತಮ್ಮ ಮಗ್ಗಕ್ಕೆ ಹೆಜ್ಜೆ ಲೆಕ್ಕ ಇಟ್ಟುಕೊಂಡವರು, ಈಗ ದಾರಿ ತಪ್ಪುತ್ತದೆ ಅಂತ ನಾನು ಹೇಳಿನೋಡಿದೆ. ಅಭ್ಯಾಸವಾಗುತ್ತದೆ ಅಂದರು. ಅಕ್ಟೋಬರ್ ಕೊನೆಗೆ ಐಪ್ಪಸಿ ತಿಂಗಳ ಮಳೆ ಹಿಡಿದಾಗ ಶೆಡ್ಡು ಸೋರಿ ನೂಲಿಗೆಲ್ಲ ಮುಗ್ಗಲು ವಾಸನೆ ಬಂತು. ಅದನ್ನು ಹೇಳಿದ್ದಕ್ಕೆ, ಕಮಿಟಿಯ ಮುಂದೆ ಇಡೋಣ ಅಂದರು. ಕಮಿಟಿ ಸೇರಿದಾಗ ಹಾಲಿನ ಪರದೆಗೆ ಯಾವ ಬಣ್ಣ ಅನ್ನುವುದರಲ್ಲೇ ಹೊತ್ತು ಹೋಯಿತು.

ಆ ಹದಿನಾಲ್ಕು ಜನರಲ್ಲಿ ಕನ್ನಡದವಳು ಒಬ್ಬಳಿದ್ದಳು. ಮೂವತ್ತೈದರ ಆಸುಪಾಸು. ಉಡುಪಿ ಕಡೆಯವಳು. ಮೈಲಾಪುರದ ಹೋಟೆಲೊಂದರಲ್ಲಿ ಅಡಿಗೆಗಿದ್ದ ಅವಳ ಅಣ್ಣ ತಂದು ಸೇರಿಸಿದ್ದ. ಎಲ್ಲರಿಗಿಂತ ಚೆನ್ನಾಗಿ ನೇಯುತ್ತಿದ್ದಳು. ಎಲ್ಲರೂ ಮಗ್ಗದಕ್ಕ ಅನ್ನುತ್ತಿದ್ದರು. ಮೂರು ತಲೆಮಾರಿನಿಂದ ಮದರಾಸಿನಲ್ಲಿರುವ ನಮ್ಮ ಮನೆಯ ಕನ್ನಡ ಅರ್ಧ ತಮಿಳೇ. ನಾನು ಕಿಟಕಿಗೆ ಜನ್ನಲ್ ಅಂದರೆ ಅವಳಿಗೆ ನಗು.

ಒಂದು ದಿನ ಊರ ಹೊರಗೆ ಪಲ್ಲಾವರದ ಆಚೆ ಇದ್ದ ಅಂಧ ಹುಡುಗಿಯರ ಶಾಲೆಯಿಂದ ಅಧ್ಯಕ್ಷರಿಗೆ ಒಂದು ಕಾಗದ ಬಂತು. ಆ ಶಾಲೆಯ ಮುಖ್ಯೋಪಾಧ್ಯಾಯಿನಿ ಹಿಂದೆ ನಮ್ಮಲ್ಲಿಗೆ ಬಂದಾಗ, ತುಂಡಾದ ನೂಲನ್ನು ಮಗ್ಗದಕ್ಕ ಬೆರಳ ತುದಿಯಲ್ಲೇ ಹುಡುಕಿ ಗಂಟು ಹಾಕುವುದನ್ನು ನೋಡಿದ್ದರಂತೆ. ಅವಳನ್ನು ನೇಯ್ಗೆಯ ಟೀಚರಾಗಿ ಕಳಿಸುತ್ತೀರಾ, ಊಟ ವಸತಿ ಅಲ್ಲೇ, ಒಂದು ತಿಂಗಳೊಳಗೆ ತಿಳಿಸಿ ಅಂತ ಬರೆದಿದ್ದರು. ಟಪಾಲು ಬಿಚ್ಚುವ ಕೆಲಸ ನನ್ನದು. ಅಧ್ಯಕ್ಷರಿಗಿಂತ ಮೊದಲು ಅವಳಿಗೆ ಹೇಳಿದ್ದು ತಪ್ಪೋ ಏನೋ, ತಡೆಯಲಾರದೆ ಹೇಳಿಬಿಟ್ಟೆ.

ಅವಳು ಲಾಳಿ ಕೆಳಗಿಟ್ಟಳು. ಎಷ್ಟು ಮಕ್ಕಳು, ಎಷ್ಟು ವಯಸ್ಸಿನವರು ಅಂತ ಕೇಳಿದಳು. ಆಮೇಲೆ, ಹಾಸು, ಹೊಕ್ಕು ಇವಕ್ಕೆಲ್ಲ ತಮಿಳಲ್ಲಿ ಎಂತ ಹೇಳುವುದು ಅಂದಳು. ನನಗೆ ಗೊತ್ತಿರಲಿಲ್ಲ. ಮಗ್ಗ ರಿಪೇರಿಗೆ ಬರುವ ಮುದುಕನನ್ನು ಕೇಳಿ ಬಂದು ಹೇಳಿಕೊಟ್ಟೆ: ಪಾವು, ಊಡು. ಅಂದಿನಿಂದ ಅವಳು ನೇಯುತ್ತ ನೇಯುತ್ತ ಮೆಲ್ಲಗೆ ತಮಿಳಲ್ಲಿ ಪಾಠ ಹೇಳಿಕೊಳ್ಳುತ್ತಿದ್ದಳು, ಮುಂದೆ ಮಕ್ಕಳು ಕೂತಿರುವ ಹಾಗೆ.

ಅಧ್ಯಕ್ಷರು ಆ ಕಾಗದ ಓದಿ ಪ್ಯಾಡಿನ ಕೆಳಗೆ ಇಟ್ಟುಕೊಂಡರು. ವಾರಕ್ಕೊಮ್ಮೆ ಜ್ಞಾಪಿಸಿದೆ. ಪ್ರತಿ ಸಲವೂ, ನೋಡೋಣ, ಕಮಿಟಿ ಸೇರಲಿ. ಆ ತಿಂಗಳು ಕಮಿಟಿ ಸೇರಲೇ ಇಲ್ಲ. ಶಾಲೆಯಿಂದ ಎರಡನೇ ಕಾಗದ ಬಂದ ದಿನ ನನ್ನನ್ನು ಒಳಗೆ ಕರೆದು, ಬರೆದುಕೋ ಅಂದರು. ಶೀಘ್ರಲಿಪಿ ಪುಸ್ತಕ ಬಿಚ್ಚಿದೆ. ಸದರಿ ಮಹಿಳೆಯ ಆರೋಗ್ಯ ಸದ್ಯಕ್ಕೆ ಸರಿಯಿಲ್ಲ, ಅಲ್ಲದೆ ಇಲ್ಲಿಂದ ಹೋಗಲು ಆಕೆಗೆ ಮನಸ್ಸೂ ಇಲ್ಲ ಅಂತ ಇಂಗ್ಲಿಷಿನಲ್ಲಿ ಹೇಳುತ್ತ ಹೋದರು.

ನನ್ನ ಪೆನ್ಸಿಲ್ಲು ನಿಂತಿತು. "ಸರ್, ಅವಳಿಗೆ ಹೋಗುವುದಕ್ಕೆ ಇಷ್ಟ ಇದೆ," ಅಂದೆ.

ಅವರಿಗೆ ಸಿಟ್ಟೇನೂ ಬರಲಿಲ್ಲ. ಕನ್ನಡಕ ತೆಗೆದು ಒರೆಸುತ್ತ, "ಚೆನ್ನಾಗಿ ನೇಯುವವಳೇ ಹೊರಟುಹೋದರೆ ಬರುವವರಿಗೆ ಯಾರನ್ನು ತೋರಿಸಲಮ್ಮ? ನೀನು ಬರೆದುಕೋ," ಅಂದರು.

ಬರೆದುಕೊಂಡೆ. ಟೈಪು ಮಾಡಿದೆ. ಒಂದು ಅಕ್ಷರವೂ ತಪ್ಪಾಗಲಿಲ್ಲ. ಅವರು ಸಹಿ ಹಾಕಿದರು, ಸಂಜೆ ನಾನೇ ಅಂಚೆ ಡಬ್ಬಿಗೆ ಹಾಕಿದೆ. ಹಾಕದೆ ಇರಬಹುದಿತ್ತು ಅಂತ ಮನೆಗೆ ಬಂದು ಕಾಲು ತೊಳೆಯುವಾಗ ಹೊಳೆಯಿತು. ಮೊದಲೇ ಹೊಳೆದಿದ್ದರೂ ನಾನು ಹಾಕುತ್ತಿದ್ದೆ ಅಂತಲೇ ಈಗ ಅನ್ನಿಸುತ್ತದೆ.

ಎರಡು ದಿನ ಶೆಡ್ಡಿನ ಕಡೆ ಹೋಗಲಿಲ್ಲ. ಮೂರನೇ ದಿನ ಹೋಗಿ ಎಲ್ಲವನ್ನೂ ಅವಳಿಗೆ ಹೇಳಿದೆ. ಅಳುತ್ತಾಳೆ, ಬೈಯುತ್ತಾಳೆ ಅಂತ ಕಾದೆ. ಅವಳು ಸ್ವಲ್ಪ ಹೊತ್ತು ನೂಲನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದಳು.

"ನನಗೆ ಎಂತ ಕಾಯಿಲೆ ಅಂತ ಬರೆದದ್ದು?"

"ಇಂಥದೇ ಅಂತ ಬರೆದಿಲ್ಲ. ಆರೋಗ್ಯ ಸರಿಯಿಲ್ಲ ಅಂತ ಅಷ್ಟೆ."

"ಹಾಗಾದ್ರೆ ಈಗ ಗುಣ ಆಯ್ತು ಅಂತ ಇನ್ನೊಂದು ಬರಿ, ಮಾರಾಯ್ತಿ."

ಅಧ್ಯಕ್ಷರ ಸಹಿ ಇಲ್ಲದೆ ನಾನೇನು ಬರೆಯಲಿ? ಹಲ್ಲುನೋವು ಅಂತ ಸುಳ್ಳು ಹೇಳಿ ಶುಕ್ರವಾರ ಅರ್ಧ ದಿನ ರಜೆ ಹಾಕಿದೆ. ಎಗ್ಮೋರಿನಲ್ಲಿ ಎಲೆಕ್ಟ್ರಿಕ್ ರೈಲು ಹತ್ತಿ ಪಲ್ಲಾವರದಲ್ಲಿ ಇಳಿದೆ. ಸಂತೆಯ ದಿನ. ಹಳೇ ಕುರ್ಚಿ, ಕೋಳಿ, ಬದನೆ ಸಸಿಗಳ ನಡುವೆ ದಾರಿ ಕೇಳುತ್ತ ಶಾಲೆ ಸೇರುವಾಗ ಸೀರೆ ಬೆವರಿನಲ್ಲಿ ತೊಯ್ದಿತ್ತು.

ಮುಖ್ಯೋಪಾಧ್ಯಾಯಿನಿ ನೀರು ಕೊಟ್ಟು ಕೂರಿಸಿ ಪೂರ್ತಿ ಕೇಳಿದರು. ಆಮೇಲೆ ಫೈಲಿನಿಂದ ಆ ಕಾಗದ ತೆಗೆದು ನನ್ನ ಮುಂದಿಟ್ಟರು. ಟೈಪು ಮಾಡಿದವರು ಕೆಳಗೆ ಎಡತುದಿಯಲ್ಲಿ ತಮ್ಮ ಹೆಸರಿನ ಎರಡು ಅಕ್ಷರ ಹಾಕುವುದು ಆಗಿನ ಪದ್ಧತಿ. ಆ ಎರಡು ಅಕ್ಷರದ ಮೇಲೆ ಬೆರಳಿಟ್ಟು, "ಇದು ನೀವೇ ಅಲ್ಲವೇ?" ಅಂತ ತಮಿಳಲ್ಲಿ ಕೇಳಿದರು.

ಹೌದು ಅಂದೆ. ಅವರ ದನಿಯಲ್ಲಿ ಚುಚ್ಚುವ ಉದ್ದೇಶ ಇರಲಿಲ್ಲ. ಕಾಗದ ಬಂದ ಮೇಲೆ ಬೇರೊಬ್ಬರನ್ನು ಗೊತ್ತುಮಾಡಿದ್ದೇವೆ, ಅವರು ಸೋಮವಾರ ಬರುತ್ತಾರೆ ಅಂದರು. ಬಾಗಿಲ ತನಕ ಬಂದು ಬಿಸಿಲಿದೆ, ತಲೆಗೆ ಸೆರಗು ಹೊದ್ದುಕೊಳ್ಳಿ ಅಂತಲೂ ಹೇಳಿದರು.

ಕಮಿಟಿಯಲ್ಲಿದ್ದ ಒಬ್ಬ ಹಿರಿಯ ಹೆಂಗಸಿಗೂ ನಡೆದದ್ದನ್ನು ಹೇಳಿದೆ. ಅವರಿಗೆ ಬೇಸರವಾಯಿತು. ಆದರೆ ಅಷ್ಟು ದೊಡ್ಡ ಮನುಷ್ಯರು ಬಿಟ್ಟಿ ಬಂದು ದುಡಿಯುತ್ತಿದ್ದಾರೆ, ಹೇಗೆ ನೋಯಿಸುವುದು ಅಂದರು.

ಮಗ್ಗದಕ್ಕ ಮತ್ತೆ ಎರಡು ವರ್ಷ ಅದೇ ಶೆಡ್ಡಿನಲ್ಲಿ ನೇಯ್ದಳು. ತಮಿಳು ಪಾಠ ನಿಂತಿತು. ಅವಳ ಅಣ್ಣನಿಗೆ ಕುಂಭಕೋಣದ ಹೋಟೆಲಿನಲ್ಲಿ ಕೆಲಸವಾಗಿ, ಅವನು ಅವಳನ್ನೂ ಕರೆದುಕೊಂಡು ಹೋಗಲು ಬಂದ. ಅಧ್ಯಕ್ಷರು ಹಾಲಿನಲ್ಲಿ ಬೀಳ್ಕೊಡುಗೆ ಇಟ್ಟರು; ಅಷ್ಟು ಹೊತ್ತಿಗೆ ಮಗ್ಗಗಳೂ ಐದಕ್ಕೆ ಇಳಿದಿದ್ದವು. ಭಾಷಣವಾದ ಮೇಲೆ ಅವಳಿಗೂ ನಾಲ್ಕು ಮಾತು ಹೇಳು ಅಂದರು. ಅವಳು ಎದ್ದು, ಕನ್ನಡದಲ್ಲಿ, "ನನಗೆ ಯಾವ ಕಾಯಿಲೆಯೂ ಇರಲಿಲ್ಲ," ಅಂದು ಕೂತಳು.

ಏನಂದಳು ಅಂತ ಕನ್ನಡ ಬಾರದ ಅಧ್ಯಕ್ಷರು ನನ್ನ ಕಡೆ ತಿರುಗಿದರು. ಎಲ್ಲರಿಗೂ ವಂದನೆ ಹೇಳುತ್ತಿದ್ದಾಳೆ ಸರ್, ಅಂತ ತಮಿಳಲ್ಲಿ ಅಂದೆ. ಜನ ಚಪ್ಪಾಳೆ ತಟ್ಟಿದರು. ಅವಳಿಗೆ ಅಷ್ಟು ತಮಿಳು ಅರ್ಥವಾಗುತ್ತಿತ್ತು.

ಮಾರನೇ ದಿನ ಎಗ್ಮೋರಿಗೆ ಹೋದೆ. ಅಣ್ಣ ಹಾಸಿಗೆ ಸುರುಳಿ ಹೊತ್ತು ಮುಂದೆ ನಡೆದ. ಅವಳು ನನ್ನ ತೋಳು ಹಿಡಿದು ಬಂದಳು, ಡಬ್ಬಿ ಹತ್ತುವ ತನಕ ಬಿಡಲಿಲ್ಲ. ಕುಂಭಕೋಣದಲ್ಲಿ ಮಗ್ಗ ಸಿಗಬಹುದಾ ಅಂತ ಕೇಳಿದಳು. ಸಿಗುತ್ತದೆ, ಅಲ್ಲೆಲ್ಲ ನೇಕಾರರೇ ಅಂದೆ. ಸಿಕ್ಕಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ರೈಲು ಹೊರಟ ಮೇಲೆ ಆಫೀಸಿಗೆ ವಾಪಸು ಬಂದೆ. ಹಿಂದಿನ ದಿನದ ಸಮಾರಂಭದ ವರದಿ ಪತ್ರಿಕೆಗಳಿಗೆ ಕಳಿಸಬೇಕು ಅಂತ ಅಧ್ಯಕ್ಷರು ಕಾಯುತ್ತಿದ್ದರು.